ಹೂಗಿಡದಲ್ಲಿ ಕಾಯಿ ಬಂದಿದೆ, ಏನು ಮಾಡಲಿ? ಅಡೇನಿಯಂ ಕೊಂಬಿನಿಂದ ಸಸಿವರೆಗೆ

"ಅಡೇನಿಯಂ ಗಿಡದಲ್ಲಿ ಆಡಿನ ಕೊಂಬಿನ ಹಾಗೆ ಏನೋ ಎರಡು ಬಂದಿದೆ. ರೋಗಾನಾ? ಕತ್ತರಿಸಲಾ?"

ತಿಂಗಳಿಗೆ ನಾಲ್ಕೈದು ಸಲವಾದರೂ ಈ ಪ್ರಶ್ನೆ ಬರುತ್ತದೆ. ಜೊತೆಗೆ ಒಂದು ಫೋಟೊ. ಬೇಜಾರಿನ ಸಂಗತಿ ಏನೆಂದರೆ, ಎಷ್ಟೋ ಫೋಟೊಗಳಲ್ಲಿ ಆ ಕೊಂಬು ಆಗಲೇ ಗಿಡದಿಂದ ಕಳಚಿ ಅಂಗೈ ಮೇಲೆ ಕೂತಿರುತ್ತದೆ. ಅದು ರೋಗವಲ್ಲ, ಬೀಜದ ಕಾಯಿ. ನೀವು ನೋಡದಿದ್ದಾಗ ಯಾವುದೋ ಹುಳು ಬಂದು ಹೂವಿನಿಂದ ಹೂವಿಗೆ ಪರಾಗ ಸಾಗಿಸಿ ಹೋಗಿದೆ, ಅಷ್ಟೇ.

ಆದರೆ ಎಲ್ಲ ಉಬ್ಬೂ ಕಾಯಿಯಲ್ಲ. ಎಲ್ಲ ಕಾಯಿಯನ್ನೂ ಉಳಿಸಿಕೊಳ್ಳಬೇಕಾಗಿಯೂ ಇಲ್ಲ. ಕಾಯಿ ಕಂಡ ಮೊದಲ ವಾರದಲ್ಲಿ ಎರಡು ವಿಷಯ ತೀರ್ಮಾನ ಮಾಡಿಕೊಂಡರೆ ಸಾಕು: ಇದು ಏನು, ಇದನ್ನು ಇಟ್ಟುಕೊಳ್ಳಬೇಕಾ ಬೇಡವಾ. ಉಳಿದದ್ದಕ್ಕೆಲ್ಲ ಸಮಯ ಇದೆ. ಹೆಚ್ಚು ಜನ ಕೇಳುವುದು ಕುಂಡದಲ್ಲಿ ಬೆಳೆಸುವ, ದಪ್ಪ ಬುಡದ ಹೂಗಿಡ ಅಡೇನಿಯಂ ಬಗ್ಗೆ, ಹಾಗಾಗಿ ಅದನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಬೇರೆ ಗಿಡಗಳ ಮಾತು ನಡುನಡುವೆ ಬರುತ್ತದೆ.

ಏನೇನು ಬೇಕು

ಅಂಗಡಿಗೆ ಹೋಗಿ ತರಬೇಕಾದದ್ದು ಕಡಿಮೆ.

- ಹಳೇ ಸೊಳ್ಳೆ ಪರದೆಯ ತುಂಡು. ಇಲ್ಲವೇ ಗೃಹಪ್ರವೇಶ, ನಾಮಕರಣಗಳಲ್ಲಿ ರಿಟರ್ನ್ ಗಿಫ್ಟ್ ಹಾಕಿ ಕೊಡುವ ಬಲೆಯಂಥ ತೆಳು ಚೀಲ. ಬೀರುವಿನಲ್ಲಿ ನಾಲ್ಕಾದರೂ ಬಿದ್ದಿರುತ್ತವೆ.
- ಹೂ ಕಟ್ಟುವ ದಾರ
- ಕೈಗವಸು
- ಕಾಗದದ ಕವರು ಮತ್ತು ಪೆನ್ಸಿಲ್ (ಪೆನ್ನಿನ ಇಂಕು ನೀರು ತಾಗಿದರೆ ಅಳಿಸಿಹೋಗುತ್ತದೆ)
- ಬಿತ್ತುವಾಗ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಮರಳು, ತಳದಲ್ಲಿ ತೂತಿರುವ ಟ್ರೇ

ಕೈಗವಸನ್ನು ಸುಮ್ನೆ ಸೇರಿಸಿಲ್ಲ. ಅಡೇನಿಯಂ, ಕಣಗಿಲೆ, ದೇವಕಣಗಿಲೆ, ಸದಾಪುಷ್ಪ ಎಲ್ಲ ಒಂದೇ ಕುಟುಂಬದವು. ಅಡೇನಿಯಂ ರಸದಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷ ಇದೆ. ಅದರ ತವರಾದ ಆಫ್ರಿಕಾದಲ್ಲಿ ಬಾಣದ ತುದಿಗೆ ಹಚ್ಚುತ್ತಿದ್ದದ್ದು ಇದೇ ರಸವನ್ನು. ಮುಟ್ಟಿದರೆ ಏನೂ ಆಗಿಬಿಡುವುದಿಲ್ಲ, ಗಾಬರಿ ಬೇಡ. ಆದರೆ ರಸ ತಾಗಿದ ಕೈಯಲ್ಲಿ ಕಣ್ಣು ಉಜ್ಜಬೇಡಿ, ತಿಂಡಿಗೆ ಕೈ ಹಾಕಬೇಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ತೊಳೆಯಿರಿ.

ಹಂತ 1: ಅದು ಕಾಯಿಯೇ ಹೌದಾ?

ಮೊದಲು ಜಾಗ ನೋಡಿ. ಹೂವಿನ ದಳ ಉದುರಿದ ಮೇಲೆ ತೊಟ್ಟಿನ ತುದಿಯಲ್ಲಿ ಹಸಿರು ಉಬ್ಬು ಉಳಿದು ದಿನದಿನಕ್ಕೆ ದೊಡ್ಡದಾಗುತ್ತಿದ್ದರೆ ಅದು ಕಾಯಿ. ಹೂವಿನ ಬುಡದಲ್ಲಿರುವ ಅಂಡಾಶಯ, ಅಂದರೆ ಬೀಜಗಳ ಮನೆ, ದಪ್ಪಗಾಗುತ್ತಿದೆ ಎಂದರ್ಥ. ಕಾಯಿಗೆ ಒಂದು ಅಚ್ಚುಕಟ್ಟು ಇರುತ್ತದೆ. ಅಡೇನಿಯಂನಲ್ಲಿ ಒಂದೇ ತೊಟ್ಟಿನಿಂದ ಎರಡು ಕೊಂಬು ಎದುರು ಬದುರಾಗಿ ಚಾಚಿಕೊಳ್ಳುತ್ತವೆ. ಮಳೆ ಲಿಲ್ಲಿ, ಅಮರಿಲ್ಲಿಸ್ ಕಾಯಿಗೆ ಮೂರು ಹೋಳು. ಶಂಖಪುಷ್ಪದ್ದು ಚಪ್ಪಟೆ, ಪುಟ್ಟ ಅವರೆಕಾಯಿಯ ಹಾಗೆ.

ಅಡ್ಡಾದಿಡ್ಡಿ ಗಂಟು, ಎಲೆ ಮೇಲಿನ ಉಬ್ಬು, ಚಿಗುರಿನ ಮೇಲೆ ಉಣ್ಣೆಯಂಥ ಬಿಳಿ ನವಿರು ಇವು ಕಾಯಿಯಲ್ಲ. ಮಲ್ಲಿಗೆ ಎಲೆ ಮೇಲೆ ಬಿಳಿ ಬಟ್ಟೆ ಅಂಟಿಸಿದ ಹಾಗೆ ಕಂಡರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ಆ ಕೊಂಬೆ ಕತ್ತರಿಸಿ ಎಸೆಯಿರಿ.

ಜಾಸ್ತಿ ಜನ ಮೋಸ ಹೋಗುವುದು ಇನ್ನೊಂದು ಕಡೆ. ಮಲ್ಲಿಗೆ ಮೊಗ್ಗಿನ ಬುಡ ಉಬ್ಬಿ, ನೇರಳೆ ಬಣ್ಣಕ್ಕೆ ತಿರುಗಿ, ಅರಳದೇ ಉದುರುತ್ತದೆ. "ಮಲ್ಲಿಗೆಗೆ ಕಾಯಿ ಬರುತ್ತಿದೆ" ಅಂತ ಖುಷಿಯಿಂದ ಫೋಟೊ ಕಳಿಸುತ್ತಾರೆ. ಆ ಮೊಗ್ಗನ್ನು ಉಗುರಿನಲ್ಲಿ ಸೀಳಿ ನೋಡಿ. ಒಳಗೆ ಸಣ್ಣ ಸಣ್ಣ ಹುಳುಮರಿ ಮಿಸುಕಾಡುತ್ತವೆ. ಇದು ಸೊಳ್ಳೆಗಿಂತ ಚಿಕ್ಕದಾದ ಮೊಗ್ಗಿನ ನೊಣದ ಸಂಸಾರ. ಈ ನೊಣ ಆರ್ಕಿಡ್, ದಾಸವಾಳದ ಮೊಗ್ಗನ್ನೂ ಬಿಡುವುದಿಲ್ಲ. ಇಲ್ಲಿ ಲೆಕ್ಕ ಸುಲಭ: ಕಾಯಿ ಬರುವುದು ಹೂ ಅರಳಿದ ಮೇಲೆ. ಅರಳುವ ಮುಂಚೆಯೇ ಊದಿಕೊಂಡದ್ದು ಕಾಯಿ ಆಗಲಾರದು.

ಎಚ್ಚರಿಕೆ: ಹುಳು ಬಿದ್ದ ಮೊಗ್ಗನ್ನು ಗೊಬ್ಬರದ ಡಬ್ಬಿಗೆ ಹಾಕಬೇಡಿ. ಆ ಹುಳು ಮಣ್ಣಿಗಿಳಿದು ಕೋಶ ಕಟ್ಟಿ ಮತ್ತೆ ನೊಣವಾಗಿ ಏಳುತ್ತದೆ. ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಕಟ್ಟಿ ಕಸಕ್ಕೆ ಕೊಡಿ.

ಹಂತ 2: ಇದು ಯಾರ ಕೆಲಸ?

ಇದನ್ನು ತಿಳಿಯದೆಯೂ ಬೀಜ ತೆಗೆಯಬಹುದು. ಆದರೆ ಮುಂದಿನ ವರ್ಷವೂ ಕಾಯಿ ಬೇಕಿದ್ದರೆ, ಅಥವಾ ಬರಲೇಬಾರದು ಅನ್ನಿಸಿದರೆ, ಇದು ಗೊತ್ತಿರಬೇಕು.

ಎರಡು ಪದ ನೆನಪಿಡಿ. ಹೂವಿನೊಳಗೆ ಪುಡಿ ಹೊತ್ತ ಎಳೆಗಳು ಕೇಸರ. ಪುಡಿಯೇ ಪರಾಗ. ಅದನ್ನು ಅಂಟಿಸಿಕೊಳ್ಳುವ, ಸ್ವಲ್ಪ ಜಿಗುಟಾದ ತುದಿ ಶಲಾಕಾಗ್ರ. ಪುಡಿ ಆ ಜಿಗುಟು ತುದಿಗೆ ತಲುಪುವುದೇ ಪರಾಗಸ್ಪರ್ಶ. ಎರಡು ಅಂದೆ, ನಾಲ್ಕಾಯಿತು, ಇರಲಿ.

ಅಡೇನಿಯಂ ಹೂವಿನಲ್ಲಿ ಈ ಪುಡಿ ಸುಲಭಕ್ಕೆ ಸಿಗುವುದಿಲ್ಲ. ಒಂದು ಹೂವನ್ನು ಉದ್ದಕ್ಕೆ ಸೀಳಿ ನೋಡಿ. ಕೊಳವೆಯ ತಳದಲ್ಲಿ ಐದು ಕೇಸರಗಳು ತಲೆಗೆ ತಲೆ ಅಂಟಿಸಿಕೊಂಡು ಒಂದು ಗೋಪುರ ಕಟ್ಟಿರುತ್ತವೆ. ಪ್ರತಿಯೊಂದರ ತುದಿಯಿಂದ ರೋಮ ತುಂಬಿದ ಉದ್ದ ಬಾಲವೊಂದು ಹೂವಿನ ಬಾಯಿಯ ಕಡೆಗೆ ಹೊರಟಿರುತ್ತದೆ. ಪರಾಗ ಇರುವುದು ಆ ಗೋಪುರದ ಒಳಗೆ, ಮೇಲುಗಡೆ. ಜಿಗುಟು ಜಾಗ ಅದರ ಕೆಳಗೆ. ಹೊರಗೆ ಕಾಣುವಂಥದ್ದು ಏನೂ ಇಲ್ಲ. ಉದ್ದ ನಾಲಿಗೆಯ ಹುಳುವೊಂದು ಎರಡು ಕೇಸರಗಳ ಸಂದಿನಲ್ಲಿ ನಾಲಿಗೆ ತೂರಿಸಿ ಹಿಂದಕ್ಕೆ ಎಳೆದುಕೊಳ್ಳುವಾಗ ಪುಡಿ ಅಂಟುತ್ತದೆ. ಮುಂದಿನ ಹೂವಿಗೆ ನಾಲಿಗೆ ಹಾಕಿದಾಗ ಅದು ಜಿಗುಟು ಜಾಗಕ್ಕೆ ಸವರುತ್ತದೆ. ಇಷ್ಟೆಲ್ಲ ಸರಿಯಾಗಿ ಕೂಡಿಬರುವುದು ಅಪರೂಪ. ಮೈ ತುಂಬ ಹೂ ಬಿಡುವ ಗಿಡದಲ್ಲಿ ಒಂದೋ ಎರಡೋ ಜೋಡಿ ಕಾಯಿ ಮಾತ್ರ ಕಾಣುವುದು ಇದಕ್ಕೇ.

ಇನ್ನೊಂದು ತೊಡಕಿದೆ. ಅಡೇನಿಯಂ ಸಾಮಾನ್ಯವಾಗಿ ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಬೇರೊಂದು ಗಿಡದ ಪುಡಿ ಬೇಕು. "ಐದು ವರ್ಷದಿಂದ ಇದೆ, ಈ ವರ್ಷ ಮಾತ್ರ ಕಾಯಿ ಯಾಕೆ ಬಂತು?" ಅಂತ ಕೇಳುವವರಿಗೆ ನಾನು ಕೇಳುವುದು ಒಂದೇ: ಇತ್ತೀಚೆಗೆ ಇನ್ನೊಂದು ಅಡೇನಿಯಂ ತಂದಿರಾ? ಜನವರಿಯಲ್ಲೋ ಆಗಸ್ಟಿನಲ್ಲೋ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಬರಿಗೈಯಲ್ಲಿ ಬಂದವರು ಕಡಿಮೆ. ನೀವು ತರದಿದ್ದರೆ ಪಕ್ಕದ ಮನೆಯವರು ತಂದಿರುತ್ತಾರೆ. ಹುಳುವಿಗೆ ಕಾಂಪೌಂಡ್ ಗೋಡೆಯ ಲೆಕ್ಕ ಇಲ್ಲ ಅಲ್ವಾ?

ತೋಟಕ್ಕೆ ಯಾರು ಬರುತ್ತಿದ್ದಾರೆ ನೋಡಬೇಕಾದರೆ ಬೆಳಿಗ್ಗೆ ಏಳೂವರೆಯಿಂದ ಹತ್ತರೊಳಗೆ ಹತ್ತು ನಿಮಿಷ, ಸಂಜೆ ಕತ್ತಲಾಗುವ ಹೊತ್ತಿಗೆ ಹತ್ತು ನಿಮಿಷ ಸುಮ್ಮನೆ ಕೂರಿ. ಬೆಳಿಗ್ಗೆ ಕಾಣುವವು ಹೆಚ್ಚಾಗಿ ಇವು:

ತುಡುವೆ ಜೇನು. ಪೆಟ್ಟಿಗೆಯಲ್ಲಿ ಸಾಕುವ ನಮ್ಮದೇ ಜೇನು. ಕೋಲು ಜೇನು ಇದಕ್ಕಿಂತ ಚಿಕ್ಕದು, ಹೊಟ್ಟೆಯ ಬುಡ ಕೆಂಪು. ಮುಜಂಟಿ ಅಥವಾ ಮಿಸರಿ ಜೇನು ಇನ್ನೂ ಚಿಕ್ಕದು. ಕಪ್ಪು ಇರುವೆಗೆ ರೆಕ್ಕೆ ಬಂದ ಹಾಗಿರುತ್ತದೆ, ಕಚ್ಚೀತು ಅಂತ ಹೆದರಬೇಡಿ, ಅದಕ್ಕೆ ಚುಚ್ಚುವ ಮುಳ್ಳೇ ಇಲ್ಲ. ಹೊಟ್ಟೆ ಮೇಲೆ ನೀಲಿ ಪಟ್ಟೆ ಇರುವ, ಒಂದು ಕಡೆ ನಿಲ್ಲದೆ ಝುಂಯ್ ಅನ್ನುವ ಜೇನು ಗೂಡು ಕಟ್ಟಿ ಗುಂಪಾಗಿ ಬಾಳುವುದಿಲ್ಲ, ಒಂಟಿ. ಇನ್ನು ಹೆಬ್ಬೆರಳ ತುದಿಯಷ್ಟು ದಪ್ಪ, ಕಪ್ಪು ಮೈ, ಬಿಸಿಲಿಗೆ ನೀಲಿ ಹೊಳೆಯುವ ರೆಕ್ಕೆ ಇದ್ದರೆ ಅದು ದುಂಬಿ. ಒಣ ಬಿದಿರು, ಹಳೇ ಮರದ ತೊಲೆ ಕೊರೆದು ಮನೆ ಮಾಡುತ್ತದೆ. ಎಕ್ಕದ ಹೂವಿಗೆ ಮುಖ್ಯ ಗಿರಾಕಿ ಇದೇ.

ದುಂಬಿ ಬಂತು ಅಂದ ಮಾತ್ರಕ್ಕೆ ಕಾಯಿ ಗ್ಯಾರಂಟಿ ಅಲ್ಲ. ಉದ್ದ ಕೊಳವೆಯ ಹೂಗಳಲ್ಲಿ ಅದು ಬಾಯಿಂದ ಒಳಗೆ ಹೋಗುವ ತಾಪತ್ರಯವನ್ನೇ ತೆಗೆದುಕೊಳ್ಳುವುದಿಲ್ಲ. ಬುಡದಲ್ಲಿ ಸೀಳಿ, ಮಕರಂದ ಹೀರಿ ಹೊರಟುಹೋಗುತ್ತದೆ. ಹೂವಿನ ಬುಡದಲ್ಲಿ ಕಂದು ಬಣ್ಣದ ಸಣ್ಣ ಗೀರು ಕಂಡರೆ ಕಳ್ಳ ಬಂದು ಹೋದ ಗುರುತು. ಇರುವೆಯೂ ಹಾಗೆಯೇ. ಸಿಹಿ ತಿನ್ನುತ್ತದೆ, ಪರಾಗ ಸಾಗಿಸುವುದು ತೀರಾ ಕಡಿಮೆ.

ಸಂಜೆಯ ಪಾಳಿ ಪತಂಗಗಳದ್ದು. ಹಾಕ್ ಪತಂಗ ಹೂವಿನ ಮೇಲೆ ಕೂರುವುದಿಲ್ಲ, ಎದುರಿಗೆ ಗಾಳಿಯಲ್ಲೇ ನಿಂತು ಉದ್ದ ನಾಲಿಗೆ ಇಳಿಬಿಡುತ್ತದೆ. ಸಂಜೆ ನಾಲ್ಕಕ್ಕೆ ಅರಳುವ ಗುಲ್ಬಕ್ಷಿಯ ಹತ್ತಿರ ಕಾದರೆ ಸಿಗುತ್ತದೆ. ದೇವಕಣಗಿಲೆ ಈ ಪತಂಗಕ್ಕೆ ಚೆನ್ನಾಗಿ ಟೋಪಿ ಹಾಕುತ್ತದೆ. ಅದರ ಹೂವಿನಲ್ಲಿ ಘಮ ಇದೆ, ಮಕರಂದ ಇಲ್ಲ. ಪತಂಗ ಹೂವಿಂದ ಹೂವಿಗೆ ಹುಡುಕಿ ಹುಡುಕಿ ಸುಸ್ತಾಗುವಷ್ಟರಲ್ಲಿ ಮರದ ಕೆಲಸ ಆಗಿರುತ್ತದೆ.

ತಮಾಷೆ ನೋಡಿ. ಅಡೇನಿಯಂ, ಕಣಗಿಲೆ, ನಂದಿಬಟ್ಟಲು ಎಲೆಗಳನ್ನು ಒಂದೇ ರಾತ್ರಿ ಬೋಳಿಸುವ, ಬೆನ್ನ ಮೇಲೆ ಎರಡು ನೀಲಿ ಕಣ್ಣು ಬರೆದಂತಿರುವ ಹಸಿರು ಕಂಬಳಿಹುಳು ಇದೆಯಲ್ಲ, ಅದು ಬೆಳೆದು ಆಗುವುದೂ ಒಂದು ಹಾಕ್ ಪತಂಗವೇ. ನಾನಂತೂ ಅದನ್ನು ಸಾಯಿಸುವುದಿಲ್ಲ, ದೊಡ್ಡ ಕಣಗಿಲೆ ಪೊದೆಗೆ ವರ್ಗ ಮಾಡುತ್ತೇನೆ.

ಹಂತ 3: ಇಡಬೇಕಾ, ತೆಗೆಯಬೇಕಾ?

ಕಾಯಿ ಗಿಡಕ್ಕೆ ಖರ್ಚು. ಬೀಜ ತುಂಬಲು ಗಿಡ ಹೂವಿನ ಪಾಲನ್ನು ಅತ್ತ ಹರಿಸುತ್ತದೆ. ಆದ್ದರಿಂದ ತೀರ್ಮಾನ ಗಿಡದ ಮೇಲೆ, ನಿಮ್ಮ ಆಸೆಯ ಮೇಲೆ.

ಗುಲಾಬಿಯಲ್ಲಿ ಹೂ ಬೇಕಿದ್ದರೆ ಕಾಯಿ ತೆಗೆದುಬಿಡಿ. ಬಾಡಿದ ಹೂವಿನ ಕೆಳಗೆ ಐದು ಎಲೆಯ ಮೊದಲ ಗೊಂಚಲಿನ ಮೇಲಕ್ಕೆ ಕತ್ತರಿಸಿದರೆ ಹೊಸ ಚಿಗುರು ಬೇಗ ಬರುತ್ತದೆ. ಚಂದದ ಗುಲಾಬಿಯ ಬೀಜದಿಂದ ಅದೇ ಗುಲಾಬಿ ಬರುವುದಿಲ್ಲ, ಹಾಗಾಗಿ ನಷ್ಟವೂ ಇಲ್ಲ.

ಆರ್ಕಿಡ್‌ನಲ್ಲಿ ಹೂವೊಂದು ಇದ್ದಕ್ಕಿದ್ದಂತೆ ಬಾಡಿ ಅದರ ತೊಟ್ಟು ದಪ್ಪಗಾದರೆ ಕಾಯಿ ಕಟ್ಟಿದೆ ಎಂದು ತಿಳಿಯಿರಿ. ನನ್ನ ಸಲಹೆ: ತೆಗೆಯಿರಿ. ಒಂದು ಕಾಯಿಯಲ್ಲಿ ಹಿಟ್ಟಿನಂಥ ಬೀಜ ಸಾವಿರಗಟ್ಟಲೆ ಇರುತ್ತವೆ, ಆದರೆ ಒಂದರೊಳಗೂ ಸಸಿಗೆ ಬೇಕಾದ ಬುತ್ತಿ ಇಲ್ಲ. ಕಾಡಿನಲ್ಲಿ ಒಂದು ಜಾತಿಯ ಶಿಲೀಂಧ್ರ ಉಣಿಸಿದರೆ ಮಾತ್ರ ಅವು ಮೊಳೆಯುತ್ತವೆ. ಮಲೆನಾಡಿನ ಕಾಡು ಆರ್ಕಿಡ್ ಸೀತಾಳೆ ದಂಡೆಯೂ ಹಾಗೆ ಬದುಕುವುದೇ. ಆ ಶಿಲೀಂಧ್ರವಿಲ್ಲದೆ, ಸಕ್ಕರೆ ಬೆರೆಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಬೀಜ ಮೊಳೆಸುವ ದಾರಿಯನ್ನು ಅಮೆರಿಕದ ಲೂಯಿಸ್ ನಡ್ಸನ್ ತೋರಿಸಿದ್ದು 1922ರಲ್ಲಿ. ಇವತ್ತಿಗೂ ಅದು ಲ್ಯಾಬಿನ ಕೆಲಸ. ಕುಂಡದ ಮಣ್ಣಿಗೆ ಉದುರಿಸಿ ಕಾಯುವುದು ವ್ಯರ್ಥ.

ಹಳದಿ ಕಣಗಿಲೆಯ ಕಾಯಿ ಮಕ್ಕಳಿರುವ ಮನೆಯಲ್ಲಿ ಇಡಲೇಬೇಡಿ. ಅದರ ಬೀಜ ಕಡು ವಿಷ. ಗುಲ್ಬಕ್ಷಿಯ ಕಪ್ಪು ಬೀಜ ಥೇಟ್ ಕಾಳುಮೆಣಸಿನ ಹಾಗಿರುತ್ತದೆ. ಅದನ್ನೂ ತಿನ್ನಬಾರದು. ಒಣಗಲೆಂದು ಅಡಿಗೆಮನೆ ಕಟ್ಟೆ ಮೇಲೆ ಬಟ್ಟಲಲ್ಲಿ ಇಟ್ಟು ಮರೆಯಬೇಡಿ.

ಮಳೆ ಲಿಲ್ಲಿ, ಶಂಖಪುಷ್ಪ, ಕರ್ಣಕುಂಡಲ, ಸದಾಪುಷ್ಪ ಇವುಗಳ ಕಾಯಿ ಧಾರಾಳವಾಗಿ ಇಡಿ. ಗಿಡಕ್ಕೆ ಹೊರೆಯೂ ಅಲ್ಲ, ಬೀಜವೂ ಸುಲಭ.

ಅಡೇನಿಯಂ? ಗಿಡದ ಬುಡ ದಪ್ಪಗೆ, ಗಟ್ಟಿಯಾಗಿದ್ದರೆ ಒಂದೆರಡು ಜೋಡಿ ಕಾಯಿ ಬಿಡಿ. ಬುಡ ಒತ್ತಿದರೆ ಮೆತ್ತಗಿದೆ, ಈಗಷ್ಟೇ ಕುಂಡ ಬದಲಿಸಿದ್ದೀರಿ, ಎಲೆ ಹಳದಿಯಾಗಿದೆ ಅಂದರೆ ತೆಗೆಯಿರಿ. ಚಿಕ್ಕ ಗಿಡದಲ್ಲಿ ನಾಲ್ಕು ಜೋಡಿ ಕಟ್ಟಿದ್ದರೆ ಎರಡನ್ನು ತೆಗೆಯುವುದು ಒಳ್ಳೆಯದು. ಇದರಲ್ಲಿ ಮಾತ್ರ ಕರುಣೆ ತೋರಿಸಿ ಆಮೇಲೆ ಗಿಡ ಸೊರಗಿತು ಅನ್ನಬೇಡಿ.

ಹಂತ 4: ಚೀಲ ಕಟ್ಟಿ

ಅಡೇನಿಯಂ ಕಾಯಿ ಬಲಿಯಲು ಸುಮಾರು ಮೂರು ತಿಂಗಳು. ಬಿಸಿಲು, ಚಳಿ ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ. ದೇವಕಣಗಿಲೆಗೆ ಎಂಟು ಹತ್ತು ತಿಂಗಳೇ ಬೇಕು. ಮಳೆ ಲಿಲ್ಲಿ ಒಂದು ತಿಂಗಳೊಳಗೆ ಮುಗಿಸಿಬಿಡುತ್ತದೆ.

ಮೊದಲ ಎರಡು ತಿಂಗಳು ಮಾಡುವುದು ಏನೂ ಇಲ್ಲ. ಮಾಮೂಲಿನಂತೆ ನೀರು ಕೊಡಿ. ಕಾಯಿ ಮೇಲೆ ಹಳದಿ ಹೇನು ಮುತ್ತಿದರೆ ಬೆರಳಿನಲ್ಲಿ ಸವರಿ ತೆಗೆಯಿರಿ, ಇಲ್ಲವೇ ಜೋರಾಗಿ ನೀರು ಹಾಯಿಸಿ. ಕೈಗವಸು ಮರೆಯಬೇಡಿ.

ಹಸಿರು ಮಾಸಿ ಬೂದಿಯೋ ಕಂದೋ ಆಗತೊಡಗಿದಾಗ ಚೀಲ ಕಟ್ಟಿ. ಎರಡೂ ಕೊಂಬು ಸೇರಿಸಿ ಸೊಳ್ಳೆ ಪರದೆಯ ಚೀಲದೊಳಗೆ ಹಾಕಿ, ತೊಟ್ಟಿನ ಹತ್ತಿರ ದಾರ ಬಿಗಿಯಿರಿ. ತೊಟ್ಟು ಕತ್ತರಿಸುವಷ್ಟು ಬಿಗಿ ಬೇಡ. ಚೀಲ ಇಲ್ಲದಿದ್ದರೆ ಕಾಯಿಯ ಸುತ್ತಲೇ ಮೂರು ಕಡೆ ದಾರ ಸುತ್ತಿ. ಅದು ಒಡೆದರೂ ಬಾಯಿ ಪೂರ್ತಿ ತೆರೆಯುವುದಿಲ್ಲ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಪ್ಲಾಸ್ಟಿಕ್ ಕವರು ಕಟ್ಟುವುದು. ಒಳಗೆ ಬೆವರು ಕಟ್ಟಿ ಬೂಷ್ಟು ಹಿಡಿದು ಬೀಜ ಹಾಳಾಗುತ್ತದೆ. ಎರಡು, "ಇನ್ನೂ ಎರಡು ದಿನ ನೋಡೋಣ" ಅನ್ನುವುದು. ಕಾಯಿ ಒಡೆಯುವುದಕ್ಕೆ ಒಂದು ಒಣ ಮಧ್ಯಾಹ್ನ ಸಾಕು. ಅಡೇನಿಯಂ ಬೀಜ ಒಂದು ಸೆಂಟಿಮೀಟರ್ ಉದ್ದದ ತೆಳು ಕಡ್ಡಿ, ಅದರ ಎರಡೂ ತುದಿಯಲ್ಲಿ ರೇಷ್ಮೆ ಕುಚ್ಚು. ಚಿಕ್ಕವರಿದ್ದಾಗ ಊದಿ ಹಾರಿಸುತ್ತಿದ್ದ ಎಕ್ಕದ ಬೀಜಕ್ಕೆ ಕುಚ್ಚು ಒಂದೇ ಕಡೆ, ಇದಕ್ಕೆ ಎರಡು ಕಡೆ. ಗಾಳಿಗೆ ಹಾರುತ್ತದೆ, ನೆಲಕ್ಕೆ ಬಿದ್ದರೆ ಚಕ್ರದ ಹಾಗೆ ಉರುಳುತ್ತದೆ. ನನ್ನ ಮೊದಲ ಕಾಯಿ ಒಡೆದದ್ದು ನಾನು ಊರಲ್ಲಿಲ್ಲದ ದಿನ. ವಾಪಸ್ ಬಂದಾಗ ತಾರಸಿಯ ನೀರಿನ ಟ್ಯಾಂಕಿನ ಸಂದಿಯಲ್ಲಿ ಹನ್ನೊಂದು ಬೀಜ ಸಿಕ್ಕವು.

ಕರ್ಣಕುಂಡಲಕ್ಕೆ ಚೀಲ ಬೇಡ, ಜಾಣ್ಮೆ ಬೇಕು. ಬಲಿತ ಕಾಯಿ ಮುಟ್ಟಿದ ತಕ್ಷಣ ಸಿಡಿಯುತ್ತದೆ. ಇಡೀ ಕಾಯಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕೀಳಿ.

ಹಂತ 5: ಬೀಜ ತೆಗೆದು ಇಡುವುದು

ಕಾಯಿಯ ಉದ್ದಕ್ಕೂ ಸೀಳು ಕಂಡಾಗ ತೊಟ್ಟು ಸಮೇತ ಕತ್ತರಿಸಿ. ಫ್ಯಾನ್ ಆರಿಸಿ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ. ಅಗಲ ತಟ್ಟೆಯಲ್ಲಿ ಇಟ್ಟು ಕಾಯಿ ಬಿಡಿಸಿದರೆ ಬೀಜಗಳು ಒಂದರ ಮೇಲೊಂದು ಓರಣವಾಗಿ ಜೋಡಿಸಿಟ್ಟಂತೆ ಕಾಣುತ್ತವೆ. ಎರಡು ಬೆರಳಲ್ಲಿ ಬೀಜ ಹಿಡಿದು ಕುಚ್ಚು ಎಳೆದರೆ ಬಂದುಬಿಡುತ್ತದೆ.

ಒಳ್ಳೆಯ ಬೀಜ ಕಂದು ಬಣ್ಣ, ಒತ್ತಿದರೆ ಒಳಗೆ ತಿರುಳು ಇರುವುದು ಗೊತ್ತಾಗುತ್ತದೆ. ಚಪ್ಪಟೆಯಾಗಿ ಮಡಚಿಕೊಂಡದ್ದು ಜೊಳ್ಳು. ನೀರಿಗೆ ಹಾಕಿ ತೇಲಿದ್ದು ಜೊಳ್ಳು ಅನ್ನುವ ಭತ್ತದ ಲೆಕ್ಕ ಇಲ್ಲಿ ಹಿಡಿಯಬೇಡಿ. ಕುಚ್ಚು ಇರುವ ಬೀಜ ಹೇಗಿದ್ದರೂ ತೇಲುತ್ತದೆ.

ಎರಡು ದಿನ ನೆರಳಲ್ಲಿ ಒಣಗಿಸಿ. ಕಾಗದದ ಕವರಿನ ಮೇಲೆ ಪೆನ್ಸಿಲ್‌ನಲ್ಲಿ ಗಿಡದ ಹೆಸರು, ತಾಯಿ ಗಿಡದ ಹೂವಿನ ಬಣ್ಣ, ತಾರೀಖು ಬರೆಯಿರಿ. ಅಡೇನಿಯಂ ಬೀಜ ಎಷ್ಟು ತಾಜಾ ಇದ್ದರೆ ಅಷ್ಟು ಚೆನ್ನಾಗಿ ಮೊಳೆಯುತ್ತದೆ. ಮಳೆ ಲಿಲ್ಲಿ, ಅಮರಿಲ್ಲಿಸ್‌ಗಳ ಕಪ್ಪು, ಕಾಗದದಂಥ ಬೀಜವನ್ನಂತೂ ಕೂಡಿಡುವ ಯೋಚನೆ ಬೇಡ. ಕಾಯಿ ಒಡೆದ ವಾರದಲ್ಲೇ ಬಿತ್ತಿ.

ಹಂತ 6: ಬಿತ್ತುವುದು

ಅಡೇನಿಯಂಗೆ ಬೆಚ್ಚಗೆ ಇರಬೇಕು. ಬೆಂಗಳೂರು, ಮೈಸೂರು ಕಡೆಯವರು ಡಿಸೆಂಬರ್‌ನಲ್ಲಿ ಬೀಜ ಸಿಕ್ಕರೆ ಫೆಬ್ರುವರಿವರೆಗೆ ಕಾಯಿರಿ. ಮಂಗಳೂರು, ಕಾರವಾರದವರಿಗೆ ಚಳಿಯ ಚಿಂತೆ ಇಲ್ಲ. ಆದರೆ ಜಡಿಮಳೆಯ ತಿಂಗಳುಗಳಲ್ಲಿ ಬಿತ್ತಬೇಡಿ.

ಕೋಕೋಪೀಟ್ ಒಂದು ಪಾಲು, ತೊಳೆದ ದಪ್ಪ ಮರಳು ಒಂದು ಪಾಲು. ಗೊಬ್ಬರ ಬೇಡ. ಟ್ರೇ ತುಂಬಿ, ನೀರು ಹಾಕಿ, ಹೆಚ್ಚಿನದು ಬಸಿದು ಹೋಗಲಿ. ಬೀಜವನ್ನು ಮಲಗಿಸಿ ಇಡಿ, ನಿಲ್ಲಿಸಿ ಚುಚ್ಚಬೇಡಿ. ಮೇಲೆ ಬೀಜ ಮರೆಯಾಗುವಷ್ಟೇ ತೆಳ್ಳಗೆ ಮರಳು ಉದುರಿಸಿ. ಬೆಳಕಿರುವ, ಆದರೆ ಮಧ್ಯಾಹ್ನದ ಬಿಸಿಲು ನೇರ ಬೀಳದ ಕಡೆ ಇಡಿ. ತಾಜಾ ಬೀಜ ಐದರಿಂದ ಹತ್ತು ದಿನದಲ್ಲಿ ಮೊಳೆಯುತ್ತದೆ. ಎಳೆ ಸಸಿಯಲ್ಲೇ ಬುಡ ಪುಟ್ಟ ಗುಂಡಗೆ ಇರುತ್ತದೆ, ನೋಡಲು ಮುದ್ದಾಗಿರುತ್ತದೆ.

ಮುದ್ದು ಅಂತ ದಿನಾ ನೀರು ಹಾಕಿದಿರೋ, ಕೆಟ್ಟಿತು. ಸಂಜೆ ನೆಟ್ಟಗಿದ್ದ ಸಸಿ ಬೆಳಿಗ್ಗೆ ಬುಡ ಕರಗಿ ಅಡ್ಡ ಬಿದ್ದಿರುತ್ತದೆ. ಇದು ಬುಡ ಕೊಳೆ, ಒದ್ದೆ ಮಣ್ಣಿನ ಶಿಲೀಂಧ್ರದ ಕಾಟ. ಬಿದ್ದ ಸಸಿಯನ್ನು ಉಳಿಸುವ ಉಪಾಯ ಇಲ್ಲ. ಅಕ್ಕಪಕ್ಕದವನ್ನು ಉಳಿಸಲು ನೀರು ನಿಲ್ಲಿಸಿ, ಗಾಳಿ ಆಡುವ ಕಡೆ ಇಡಿ. ಬಿತ್ತುವ ಮುಂಚೆಯೇ ಮಿಶ್ರಣಕ್ಕೆ ಒಂದು ಚಮಚ ಟ್ರೈಕೋಡರ್ಮಾ ಸೇರಿಸುವುದು ಒಳ್ಳೆಯ ಅಭ್ಯಾಸ. ಅದೂ ಒಂದು ಶಿಲೀಂಧ್ರವೇ, ಕೆಟ್ಟವನ್ನು ತಿನ್ನುವ ಒಳ್ಳೆಯದು. ಗೊಬ್ಬರದ ಅಂಗಡಿಯಲ್ಲಿ ಪುಡಿಯಾಗಿ ಸಿಗುತ್ತದೆ. ಮೇಲ್ಮಣ್ಣು ಒಣಗಿದ ಮೇಲಷ್ಟೇ ಮತ್ತೆ ನೀರು.

ನಾಲ್ಕಾರು ಎಲೆ ಬಂದಾಗ ಬೇರೆ ಬೇರೆ ಪುಟ್ಟ ಕುಂಡಕ್ಕೆ ಹಾಕಿ, ಬಿಸಿಲನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ.

ಹೂ ಯಾವ ಬಣ್ಣ ಬರುತ್ತದೆ? ಯಾರೂ ಹೇಳಲಾರರು. ನರ್ಸರಿಯ ಅಡೇನಿಯಂ ಬಹುಪಾಲು ಹೈಬ್ರಿಡ್, ಅಂದರೆ ಬೇರೆ ಬೇರೆ ತಳಿ ಕೂಡಿಸಿ ಮಾಡಿದ್ದು. ಏಳು ಸುತ್ತಿನ ಕೆಂಪು ಹೂವಿನ ಬೀಜದಿಂದ ಒಂದೇ ಸುತ್ತಿನ ಗುಲಾಬಿ ಬಣ್ಣ ಬರಬಹುದು. ಅದೇ ಹೂ ಬೇಕಿದ್ದರೆ ಕಸಿಯೇ ದಾರಿ. ಆದರೆ ಆನೆ ಕಾಲಿನಂಥ ದಪ್ಪ ಬುಡ ಬೇಕಿದ್ದರೆ ಬೀಜದ ಗಿಡವೇ ಮೇಲು. ಕಡ್ಡಿ ನೆಟ್ಟು ಬೆಳೆಸಿದ್ದರಲ್ಲಿ ಅಷ್ಟು ಚಂದದ ಬುಡ ಬರುವುದಿಲ್ಲ. ಒಂದು ಒಂದೂವರೆ ವರ್ಷದಲ್ಲಿ ಮೊದಲ ಹೂ ನೋಡಬಹುದು.

ಹಂತ 7: ಕಾಯಿ ಬೇಕು, ಬರುತ್ತಿಲ್ಲ ಅನ್ನುವವರಿಗೆ

ಹುಳು ಬರದಿದ್ದರೆ ನೀವೇ ಹುಳುವಾಗಬೇಕು. ಇದು ಹೊಸದೇನಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 1841ರಲ್ಲಿ ಎಡ್ಮಂಡ್ ಅಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಕಡ್ಡಿಯಿಂದ ವೆನಿಲ್ಲಾ ಹೂವಿಗೆ ಪರಾಗ ಮುಟ್ಟಿಸುವ ವಿಧಾನ ಕಂಡುಕೊಂಡ. ನಮ್ಮ ಮಲೆನಾಡಿನಲ್ಲಿ ವೆನಿಲ್ಲಾ ಬೆಳೆದವರು ಬೆಳಿಗ್ಗೆ ಎದ್ದು ಬಳ್ಳಿ ಬಳ್ಳಿ ತಿರುಗಿ ಮಾಡುತ್ತಿದ್ದದ್ದು ಅದನ್ನೇ.

ಅಡೇನಿಯಂಗೆ ಎರಡು ಬೇರೆ ಗಿಡ ಬೇಕು. ಒಂದೇ ತಾಯಿಯಿಂದ ಕಸಿ ಕಟ್ಟಿದ ಎರಡು ಕುಂಡ ಲೆಕ್ಕಕ್ಕೆ ಒಂದೇ ಗಿಡ. ಇಲ್ಲಿ ತಪ್ಪುವವರು ಬಹಳ. ಅರಳಿ ಒಂದೆರಡು ದಿನವಾದ ಒಂಟಿ ಸುತ್ತಿನ ಹೂ ಆರಿಸಿ. ಸುತ್ತು ಜಾಸ್ತಿಯಾದಷ್ಟು ಕೇಸರವೇ ದಳವಾಗಿ ಮಾರ್ಪಟ್ಟಿರುವ ಸಾಧ್ಯತೆ ಹೆಚ್ಚು, ಪುಡಿ ಸಿಗುವುದು ಕಡಿಮೆ. ಮೊದಲ ಹೂವಿನ ಕೊಳವೆ ಸೀಳಿ, ಗೋಪುರದ ಒಂದು ಕೇಸರವನ್ನು ಸೂಜಿಯಿಂದ ಹಿಂದಕ್ಕೆ ಬಾಗಿಸಿ, ಒಳಗಿನ ಹಳದಿ ಪುಡಿಯನ್ನು ಒದ್ದೆ ಮಾಡಿದ ಟೂತ್‌ಪಿಕ್ ತುದಿಗೆ ತೆಗೆದುಕೊಳ್ಳಿ. ಎರಡನೇ ಗಿಡದ ಹೂವಿನಲ್ಲಿ ಎರಡು ಕೇಸರಗಳ ನಡುವಿನ ಸಂದಿಯ ಕೆಳಭಾಗಕ್ಕೆ ತೂರಿಸಿ, ಮೇಲಕ್ಕೆ ಎಳೆಯಿರಿ. ಗೋಪುರದ ತುದಿಗೆ ಪುಡಿ ಮೆತ್ತಿದರೆ ಪ್ರಯೋಜನವಿಲ್ಲ, ಜಿಗುಟು ಜಾಗ ಅಲ್ಲಿಲ್ಲ. ತೊಟ್ಟಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಹತ್ತು ಹೂವಿಗೆ ಮಾಡಿದರೆ ಒಂದೆರಡು ಕಟ್ಟಿದರೂ ಖುಷಿಪಡಿ.

ದಾಸವಾಳದ ಮೇಲೆ ಈ ಕಸರತ್ತು ಮಾಡಿ ನಿರಾಶರಾಗಬೇಡಿ. ಮನೆಮನೆಯ ಕೆಂಪು ದಾಸವಾಳ ತಲೆಮಾರುಗಳಿಂದ ಕಡ್ಡಿಯಿಂದಲೇ ಬೆಳೆದು ಬಂದದ್ದು, ಬೀಜ ಕಟ್ಟುವುದು ಬಲು ಅಪರೂಪ.

ಔಷಧಿ ಹೊಡೆಯುವ ಮುಂಚೆ

ಹೂ ಅರಳಿರುವ ಗಿಡಕ್ಕೆ ಬೆಳಿಗ್ಗೆ ಹೊತ್ತು ಏನನ್ನೂ ಸಿಂಪಡಿಸಬೇಡಿ, ಬೇವಿನ ಎಣ್ಣೆಯನ್ನೂ. ಹೊಡೆಯಲೇಬೇಕಿದ್ದರೆ ಕತ್ತಲಾದ ಮೇಲೆ, ಹೂಗಳನ್ನು ಬಿಟ್ಟು, ಎಲೆಯ ಅಡಿಗೆ. ಇಮಿಡಾಕ್ಲೋಪ್ರಿಡ್ ಎಂಬ ಔಷಧಿಯನ್ನು ಅಂಗಡಿಯವರು ಎಲ್ಲ ಹುಳಕ್ಕೂ ಕೊಡುತ್ತಾರೆ. ಅದು ಗಿಡದ ರಸದಲ್ಲಿ ಸೇರಿ ಮಕರಂದಕ್ಕೂ ಪರಾಗಕ್ಕೂ ಇಳಿಯುತ್ತದೆ. ಯುರೋಪ್ ಒಕ್ಕೂಟ 2018ರಲ್ಲಿ ಇದರ ಹೊರಾಂಗಣ ಬಳಕೆಯನ್ನು ನಿಷೇಧಿಸಿದ್ದು ಜೇನುಗಳ ಸಲುವಾಗಿಯೇ. ನಾಲ್ಕು ಕುಂಡದ ತಾರಸಿಗೆ ಅದರ ಅಗತ್ಯ ನನಗಂತೂ ಕಂಡಿಲ್ಲ.

ಇನ್ನು, ಕಾಯಿಯನ್ನು ಆಗಲೇ ಚಿವುಟಿ ಅಂಗೈಯಲ್ಲಿ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೆ: ಎಳೆ ಹಸಿರು ಕಾಯಿ ಮಾವಿನಕಾಯಿಯ ಹಾಗೆ ಹುಲ್ಲಲ್ಲಿಟ್ಟರೆ ಹಣ್ಣಾಗುವುದಿಲ್ಲ. ಒಳಗಿನ ಬೀಜ ಇನ್ನೂ ಹಾಲು. ಎಸೆಯಿರಿ, ಕೈ ತೊಳೆಯಿರಿ. ಪಕ್ಕದಲ್ಲಿ ಇನ್ನೊಂದು ಜೋಡಿ ಇದೆಯಾ ನೋಡಿ.